ಅಲ್ಪವಿರಾಮದ ಬೆಲೆ

ಬಿಡುವಿಲ್ಲದೆ, ಕಂಡಿಕೆಗಳಾಗಿ, ಅಂದರೆ ಒಂದೊಂದು ವಿಚಾರಕ್ಕೆ ಮೀಸಲಾದ ವಾಕ್ಯಗಳ ಗುಂಪುಗಳಾಗಿ, ಒಡೆಯದೆ ಬರೆಯುವುದನ್ನೇ ಪಾಂಡಿತ್ಯವೆಂದು ಬಗೆದ ಒಬ್ಬ ಪಂಡಿತರು, ಹನ್ನೊಂದು ಪುಟಗಳ ಒಂದೇ ವಾಕ್ಯವನ್ನು ಅಚ್ಚಿಗೆ ತಂದಾಗ, ಕರಡು ತಿದ್ದುವವನು, ಅಂದರೆ ಅಚ್ಚಿಗೆ ಮುನ್ನ ತಪ್ಪುಗಳನ್ನು ಹೆಕ್ಕುವವನು, ಕೆಂಪು ಲೇಖನಿಯ ಮುಚ್ಚಳವನ್ನು ತೆರೆದು ಮತ್ತೆ ಹಾಕಿದನು.

"ಪಂಡಿತರೇ, ಓದುಗ ಉಸಿರು ಬಿಡುವುದೆಲ್ಲಿ?"

"ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ಪದಗಳ ನಡುವೆ ತೆರಪಿದೆಯೇನಯ್ಯಾ? ತಾಳೆಗರಿಯಲ್ಲಿ ಅಲ್ಪವಿರಾಮ ಕಂಡಿದ್ದೀಯಾ?"

"ಇಲ್ಲ, ಪಂಡಿತರೇ. ಗರಿ ಚಿಕ್ಕದು, ಬರೆಯುವ ಕಂಟವೋ ಉಕ್ಕಿನದು. ಅಲ್ಲಿ ಜಾಗವೇ ಧನ. ಮೇಲಾಗಿ ಅದನ್ನು ಗಟ್ಟಿಯಾಗಿ ಓದುವ ಗಮಕಿಯ ದನಿಯೇ ವಿರಾಮವನ್ನು ಕೊಡುತ್ತಿತ್ತು. ತಮ್ಮ ಪುಸ್ತಕದೊಡನೆ ಗಮಕಿಯನ್ನೂ ಕಟ್ಟಿ ಮಾರುವುದೇ?"

1843ರಲ್ಲಿ ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ ಮೇಲೆ ಮೌನವಾಗಿ ಓದುವವರು ಹೆಚ್ಚುತ್ತ ಹೋದರೆಂದೂ, ಕಂಡಿಕೆ ಅಂಥವರ ಕಣ್ಣಿಗೆ ಜಗಲಿಯಿದ್ದಂತೆ ಎಂದೂ ಅವನು ಹೇಳಿದ್ದು ಪಂಡಿತರಿಗೆ ರುಚಿಸಲಿಲ್ಲ.

"ವಿರಾಮವೆಂಬುದು ಸೋಮಾರಿಗಳಿಗೆ!" ಎಂದು ಗುಡುಗಿದರು.

"ಆಗಲಿ. ಪ್ರಕಾಶಕರಿಗೆ ತಾವು ಬರೆದ ಚೀಟಿಯನ್ನೂ ಹಾಗೆಯೇ ಕಳಿಸಿದೆ: 'ಸಾಕು ಸನ್ಮಾನ ಬೇಡ ಸಂಭಾವನೆ'. ಸನ್ಮಾನವೇ ಸಾಕು, ಹಣ ಬೇಡವೆಂದು ಓದಿಕೊಂಡ ಅವರು ಶಾಲು ತರಿಸಿದ್ದಾರೆ."

ಪಂಡಿತರ ಕೈ ಕೆಂಪು ಲೇಖನಿಯತ್ತ ಚಾಚಿತು. "ಅಯ್ಯೋ, 'ಸಾಕು' ಆದ ಮೇಲೊಂದು, 'ಬೇಡ' ಆದ ಮೇಲೊಂದು ಅಲ್ಪವಿರಾಮ! ಬೇಗ ಹಾಕಯ್ಯಾ!"