ಘನಾಕೃತಿ ಮೀಮಾಂಸೆ ಅಥವಾ ಹಿಟ್ಟು, ಸೇರು, ಗೂಡು, ಬಳೆ

ಉದ್ದ, ಅಗಲ, ಎತ್ತರ ಈ ಮೂರೂ ಇರುವುದಕ್ಕೆ ಘನವೆಂದು ಹೆಸರು. ಕೊಳ್ಳೇಗಾಲ, ಹನೂರು, ಯಳಂದೂರುಗಳೂ ಮೂರೇ ಆದ್ದರಿಂದ ಘನಾಕೃತಿಗಳ ಜನ್ಮಭೂಮಿ ಈ ಸೀಮೆಯೇ ಎಂಬುದು ಸ್ವತಃಸಿದ್ಧ. ಗ್ರೀಸಿನವರು ಯೂಕ್ಲಿಡನ ಹೆಸರೆತ್ತಿ ತಕರಾರು ತೆಗೆಯಬಹುದು. ಆತನ ಹದಿಮೂರು ಪುಸ್ತಕಗಳಲ್ಲಿ ಎಲ್ಲಿಯೂ ಉಪ್ಪುಸಾರಿನ ಪ್ರಸ್ತಾಪವಿಲ್ಲವೆಂದು ಅವರಿಗೆ ನೆನಪಿಸಿ ಮುಂದುವರಿಯುತ್ತೇನೆ.

ಮೊದಲು ಗೋಳ. ಲಕ್ಷಣ: ಮೂಲೆಯಿಲ್ಲ, ಅಂಚಿಲ್ಲ, ಮೇಲ್ಮೈ ಒಂದೇ, ನಡುವಿನಿಂದ ಮೇಲ್ಮೈಯ ಯಾವ ಬಿಂದುವಿಗೆ ಅಳೆದರೂ ದೂರ ಅಷ್ಟೇ. ಲಕ್ಷ್ಯ: ರಾಗಿ ಮುದ್ದೆ, ಈ ಕಡೆಯವರ ಬಾಯಲ್ಲಿ ಬರೀ ಹಿಟ್ಟು. ಸಮತಲದ ಮೇಲೆ ಕೂತ ಗೋಳ ಅದನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟುತ್ತದೆಂಬುದು ಪೂರ್ವಪಕ್ಷ. ಹನೂರಿನ ಒಂದು ಮನೆಯಲ್ಲಿ ತಟ್ಟೆಯ ಮುಂದೆ ಕೂತು ಇದನ್ನು ಪರೀಕ್ಷಿಸಿದೆ. ಒದ್ದೆ ಕೈಯಲ್ಲಿ ಹೊರಳಿಸಿ ಇಟ್ಟ ಹಿಟ್ಟು ಮೊದಲನೆಯ ಉಸಿರಿಗೆ ಬಿಂದುವನ್ನು ಮುಟ್ಟಿತು, ಮೂರನೆಯ ಉಸಿರಿಗೆ ರೂಪಾಯಿಯಗಲ ಆಸನ ಮಾಡಿಕೊಂಡಿತು. ತಪ್ಪು ಸಿದ್ಧಾಂತದ್ದೋ ಎಸರಿನದೋ ಎಂದು ವಿನಯದಿಂದ ಕೇಳಿದೆ.

"ಅಳ್ತ ಆಮೇಕ ಮಾಡ್ಕಳಿ ಸಾ, ಹಿಟ್ಟು ಆರೋಯ್ತದ" ಎಂದರು ಮನೆಯಾಕೆ.

ಈ ವಾಕ್ಯದೊಳಗೆ ಒಂದು ಪ್ರಮೇಯ ಅಡಗಿದೆ. ಒಂದೇ ಘನಫಲದ ಆಕೃತಿಗಳಲ್ಲೆಲ್ಲ ಅತಿ ಕಡಿಮೆ ಮೇಲ್ಮೈ ಇರುವುದು ಗೋಳಕ್ಕೆ. ಅದೇ ಹಿಟ್ಟನ್ನು ಚೌಕದ ಗಡ್ಡೆ ಮಾಡಿಟ್ಟರೆ ಗಾಳಿಗೆ ಒಡ್ಡಿಕೊಳ್ಳುವ ಮೈ ಸುಮಾರು ಶೇಕಡಾ 24ರಷ್ಟು ಹೆಚ್ಚಿ, ಸಾರು ಬರುವಷ್ಟರಲ್ಲಿ ತಣ್ಣಗಾಗುತ್ತದೆ. ಮುದ್ದೆ ದುಂಡಗಿರುವುದು ಇದಕ್ಕೇ. ಮೂಲೆಯಿರುವುದನ್ನು ಜಗಿಯದೆ ನುಂಗಲಾಗದು ಎಂಬುದು ಗೌಣ ಕಾರಣ.

ಘನಫಲದಲ್ಲಿ ಮಾತ್ರ ಮತಭೇದವುಂಟು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಗೋಳಕ್ಕೆ ಎರಡು ಲೆಕ್ಕ ಕೊಡುತ್ತಾರೆ. ಅರ್ಧವ್ಯಾಸದ ಘನವನ್ನು ಒಂಬತ್ತರಿಂದ ಗುಣಿಸಿ ಅರ್ಧ ಮಾಡಿದರೆ ವ್ಯಾವಹಾರಿಕ ಫಲ. ಅದರ ಹತ್ತರಲ್ಲಿ ಒಂಬತ್ತು ಪಾಲು ಸೂಕ್ಷ್ಮ ಫಲ. ಆರು ಬೆರಳು ವ್ಯಾಸದ ಹಿಟ್ಟಿಗೆ ಮೊದಲನೆಯದು 121.5 ಘನಬೆರಳು, ಎರಡನೆಯದು 109.35. ಇಂದಿನ ಶಾಲೆಯ ಲೆಕ್ಕದಲ್ಲಿ 113.1. ಬಡಿಸುವವರು ಯಾವಾಗಲೂ ವ್ಯಾವಹಾರಿಕ ಪಕ್ಷ, ಉಣ್ಣುವ ನೆಂಟ ಸೂಕ್ಷ್ಮ ಪಕ್ಷ. "ಇದೇನು ಮಹಾ, ಇನ್ನೊಂದು ಇಕ್ಕಿ" ಎಂಬ ಈ ಸೀಮೆಯ ಪ್ರಸಿದ್ಧ ಜಗಳಕ್ಕೆ ಮೂಲ ಆ ಹನ್ನೆರಡು ಚಿಲ್ಲರೆ ಘನಬೆರಳಿನ ಅಂತರ.

ಇನ್ನು ಸ್ತಂಭಾಕೃತಿ, ಎಂದರೆ ಸೇರು. ಎರಡು ವೃತ್ತ ಮುಖ, ಒಂದು ಬಾಗಿದ ಮೈ. ತಳದ ಕ್ಷೇತ್ರಫಲವನ್ನು ಎತ್ತರದಿಂದ ಗುಣಿಸಿದರೆ ಘನಫಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿನದು. ರಾತ್ರಿ ಬೆಳಗಾಗುವುದರಲ್ಲಿ ರಾಜ್ಯ ಬದಲಾದರೂ ಅಟ್ಟದ ಮೇಲಿದ್ದ ಸೇರಿನ ಘನಫಲ ಕದಲಲಿಲ್ಲ. ಕದಲುವುದು ಅದರ ತಲೆಯ ಮೇಲಿನ ಶಂಕು. ಸಾಲ ಕೊಡುವವನು ಬಾಯಿಮಟ್ಟಕ್ಕೆ ಕೈಯಾಡಿಸಿ ಅಳೆದು, ವಾಪಸು ಪಡೆಯುವಾಗ ಗೋಪುರ ನಿಲ್ಲಿಸಿ ಅಳೆಸಿಕೊಳ್ಳುತ್ತಾನೆ. ಭಾಸ್ಕರಾಚಾರ್ಯರ 'ಲೀಲಾವತಿ'ಯಂತೆ ಸಣ್ಣ ಧಾನ್ಯದ ರಾಶಿಯ ಎತ್ತರ ಸುತ್ತಳತೆಯ ಹನ್ನೊಂದನೆಯ ಒಂದು ಪಾಲು. ಸಾಲಗಾರನ ರಾಗಿ ಮಾತ್ರ ಅದಕ್ಕಿಂತ ಕಡಿದಾಗಿ ನಿಲ್ಲಬೇಕು.

ಆಯತಘನಕ್ಕೆ ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಉದಾಹರಣೆ: ಅಮಾವಾಸ್ಯೆಯ ದಿನ ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸು. ಕಂಡಕ್ಟರ್ "ಒಳಕ್ಕೆ ನಡೀರಿ" ಎಂದಷ್ಟೂ ಘನಫಲ ಹುಟ್ಟುತ್ತಲೇ ಇರುವುದರಿಂದ ಸೂತ್ರ ಇಲ್ಲಿ ನಿಷ್ಪ್ರಯೋಜಕ.

ಆಯಾಮಗಳ ಗುಟ್ಟು ತಿಳಿದಿರುವುದು ರೇಷ್ಮೆ ಹುಳಕ್ಕೆ. ಚಂದ್ರಿಕೆಯ ಮೇಲೆ ಬಿಟ್ಟ ಹುಳ ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ, ಉದ್ದವೊಂದೇ ಗೊತ್ತಿದ್ದ ಎಳೆಯನ್ನು ಸುತ್ತಿ ಸುತ್ತಿ ಮೂರು ಆಯಾಮದ ಗೂಡು ಮಾಡುತ್ತದೆ. ತಳಿಯಂತೆ ಆಕಾರ: ಸಿಎಸ್‌ಆರ್ 2ರದು ಮೊಟ್ಟೆ, ಸಿಎಸ್‌ಆರ್ 4ರದು ನಡು ಸಣ್ಣಗಾದ ಕಡಲೆಕಾಯಿ. ಕುದಿನೀರಿಗೆ ಬಿದ್ದ ಗೂಡು ಮತ್ತೆ ಒಂದೇ ಆಯಾಮದ ನೂಲು. ಕೊಳ್ಳೇಗಾಲದ ಮಗ್ಗಕ್ಕೇರಿ ಎರಡು ಆಯಾಮದ ಸೀರೆ. ಮದುವೆಮನೆಯಲ್ಲಿ ಯಾರೋ ಉಟ್ಟು ನಿಂತರೆ ಪುನಃ ಮೂರು. ಮಡಿಸಿ ಬೀರುವಿನಲ್ಲಿಟ್ಟರೆ ಎಷ್ಟೆಂಬುದು ಸಂಶೋಧನೆಗೆ ತೆರೆದ ವಿಷಯ.

ಕೊನೆಗೆ ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪ. ಒಂದೇ ಕಲ್ಲಿನಲ್ಲಿ ಕಡೆದ, ಒಂದರೊಳಗೊಂದು ಸಿಕ್ಕಿ ತೂಗುವ ಕಲ್ಲಿನ ಬಳೆಗಳ ಸರಪಳಿ. ಮೂಲೆಗಳ ಎಣಿಕೆಯಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿದರೆ ಎರಡು ಬರುತ್ತದೆಂದು ಆಯ್ಲರ್ ಹೇಳಿದ್ದಾನೆ. ನಮ್ಮ ಬಸ್ಸಿಗೂ ಎರಡೇ. ಆದರೆ ಬಳೆಗೆ ನಡುವೆ ತೂತು. ಮಂಟಪದ ಕೆಳಗೆ ನಿಂತು, ಬಳೆಯ ಮೇಲೆ ಮನಸ್ಸಿನಲ್ಲೇ ಗೆರೆಯೆಳೆದು ಒಂಬತ್ತು ಮೂಲೆ, ಹದಿನೆಂಟು ಅಂಚು, ಒಂಬತ್ತು ಮುಖ ಎಣಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಜಗಲಿಯ ಮೇಲೆ ಕೂತಿದ್ದ ಮುದುಕಿ ಎಷ್ಟು ಬಂತೆಂದು ಕೇಳಿದರು. ಸೊನ್ನೆ ಅಜ್ಜಿ, ಎಂದೆ.

"ಸೊನ್ನಗಾ ಬುದ್ಧಿ, ಬೆಳುಗ್ಗಿಂದ ಕತ್ತ ಎತ್ಕಂಡು ನಿಂತಿದ್ದುದು?"