ಕಾರಿನ ಕಿಟಕಿಯ ಅಕ್ಕಿಚೀಲ: ಒಂದು ಕಾಲ್ಪನಿಕ ಸಂದರ್ಶನ

ಬೀನ್ ಬ್ಯಾಗ್ ಎಂದರೆ ಕಾರಿನ ಕಿಟಕಿಯ ಅಂಚಿನ ಮೇಲೆ ಕೂತು ಕ್ಯಾಮೆರಾದ ಭಾರ ಹೊರುವ ಬಟ್ಟೆಚೀಲ. ಮನೆಯ ಹಾಲ್‌ನಲ್ಲಿ ಬಿದ್ದಿರುವ ದೊಡ್ಡ ಬೀನ್ ಬ್ಯಾಗಿಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೇನೂ ಇಲ್ಲ. ಅದರ ಮೇಲೆ ಮನುಷ್ಯ ಕೂರುತ್ತಾನೆ, ಇದರ ಮೇಲೆ ಅವನ ಎರಡು ತಿಂಗಳ ಸಂಬಳ ಕೂರುತ್ತದೆ. ಎರಡು ಸಣ್ಣ ದಿಂಬುಗಳನ್ನು ನಡುವೆ ಸೇರಿಸಿ ಹೊಲಿದಂತಿರುವ ಇದನ್ನು ಕತ್ತೆಯ ಬೆನ್ನಿಗೆ ಹೇರು ಹಾಕಿದ ಹಾಗೆ ಕಾರಿನ ಬಾಗಿಲ ಮೇಲೆ ಹಾಕುತ್ತಾರೆ. ಅರ್ಧ ಒಳಗೆ ಇಳಿಬಿದ್ದರೆ ಅರ್ಧ ಹೊರಗೆ. ಹೆಸರಿನಲ್ಲಿ ಬೀನ್ಸ್ ಇದ್ದರೂ ಹೊಟ್ಟೆಯಲ್ಲಿ ಅದೇ ಇರಬೇಕೆಂದಿಲ್ಲ. ಅಕ್ಕಿ, ಮೆಕ್ಕೆಜೋಳ, ಹಕ್ಕಿಗೆ ಹಾಕುವ ಕಾಳು, ಯಾವುದಾದರೂ ಆದೀತು. ದೂರದಿಂದ ಬರುವವರು ವಿಮಾನದಲ್ಲಿ ಲಗೇಜಿನ ತೂಕ ಉಳಿಸಲು ಖಾಲಿ ಚೀಲ ತಂದು, ಇಳಿದ ಮೇಲೆ ತುಂಬಿಸಿಕೊಳ್ಳುತ್ತಾರೆ.

ಸಂದರ್ಶನಕ್ಕೆ ಒಪ್ಪಿದ ಚೀಲ ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲು. ಮೈಸೂರಿನ ಟೈಲರ್ ಒಬ್ಬರು ಅದಕ್ಕೆ ಜಿಪ್ ಹಚ್ಚಿ ಹೊಲಿದದ್ದು. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಬಂದಿಳಿದು, ಸ್ಕುಕುಜಾ ಕ್ಯಾಂಪಿನ ಅಂಗಡಿಯಲ್ಲಿ ಕೊಂಡ ಎರಡು ಕಿಲೋ ಅಕ್ಕಿ ಹೊಟ್ಟೆಗೆ ಬಿದ್ದ ಮೇಲೆಯೇ ಅದಕ್ಕೆ ಮಾತು ಬಂದದ್ದು. ಅಕ್ಕಿಯನ್ನು ಮುಕ್ಕಾಲು ಪಾಲಷ್ಟೇ ತುಂಬಬೇಕು, ಪೂರ್ತಿ ತುಂಬಿದರೆ ಚೀಲ ಕಲ್ಲಾಗಿ ಲೆನ್ಸ್ ಜಾರುತ್ತದೆ ಎಂಬುದು ಅದರ ಮೊದಲ ಹೇಳಿಕೆ. “ಹೊಟ್ಟೆ ಬಿರಿಯುವಷ್ಟು ತಿಂದವನ ಮೇಲೆ ಯಾರೂ ತಲೆ ಇಟ್ಟು ಮಲಗಲಾರರು.”

ಸ್ವಂತ ಕಾರಿನಲ್ಲಿ ಸಫಾರಿ ಎಂಬ ಪದ್ಧತಿಯ ಬಗ್ಗೆ ಕೇಳಲಾಯಿತು. ಚೀಲ ಒದಗಿಸಿದ ಮಾಹಿತಿಯಂತೆ, ಕ್ರೂಗರ್ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದದ್ದು 1926ರಲ್ಲಿ. ಮರುವರ್ಷ, 1927ರಲ್ಲಿ, ಒಳಗೆ ಬಂದ ಪ್ರವಾಸಿ ಕಾರುಗಳ ಸಂಖ್ಯೆ ಮೂರು. ಈಗ ಒಂದು ಸಿಂಹ ರಸ್ತೆಬದಿಯಲ್ಲಿ ಆಕಳಿಸಿದರೆ ಅದರ ಹತ್ತು ಪಟ್ಟು ಕಾರುಗಳು ಕಾಲು ಗಂಟೆಯೊಳಗೆ ನೆರೆಯುತ್ತವೆ. ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ನಮ್ಮ ನಾಗರಹೊಳೆಯಂಥ ಮೂವತ್ತು ಉದ್ಯಾನಗಳು ಅದರಲ್ಲಿ ಹಿಡಿಯುತ್ತವೆ. ನಾಗರಹೊಳೆ, ಬಂಡೀಪುರಗಳಲ್ಲಿ ಪ್ರವಾಸಿ ತನ್ನ ಕಾರನ್ನು ಸಫಾರಿಗೆ ಒಯ್ಯುವಂತಿಲ್ಲ, ಜೀಪನ್ನೋ ಕ್ಯಾಂಟರನ್ನೋ ಹತ್ತಬೇಕು. ಕ್ರೂಗರ್‌ನಲ್ಲಿ ಬಾಡಿಗೆಯ ಸಣ್ಣ ಕಾರೂ ಸಾಕು. ವಾಹನ ಓಡುವುದು ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೇ, ಸ್ಟಿಯರಿಂಗ್ ಬಲಕ್ಕೇ. ಹೀಗಾಗಿ ಕರ್ನಾಟಕದಿಂದ ಬಂದವರಿಗೆ ಕಾರು ಓಡಿಸುವ ಕಷ್ಟವಿಲ್ಲ. ಕಷ್ಟವಿರುವುದು ನಿಧಾನ ಓಡಿಸುವುದರಲ್ಲಿ.

ವೇಗದ ವಿಷಯ ಬಂದಾಗ ಚೀಲ ತುಸು ಗಡುಸಾಯಿತು. ಟಾರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣಿನ ರಸ್ತೆಯಲ್ಲಿ 40 ಎಂಬುದು ಕಾನೂನಿನ ಮಿತಿ. ಬಹಳ ಜನ ಅದನ್ನು ಗುರಿ ಎಂದುಕೊಳ್ಳುತ್ತಾರೆ. ಐವತ್ತರಲ್ಲಿ ಹೋಗುವವನಿಗೆ ಆನೆ ಕಾಣುತ್ತದೆ, ಜಿರಾಫೆ ಕಾಣುತ್ತದೆ. ಕುತ್ತಿಗೆ ಮರಕ್ಕಿಂತ ಉದ್ದ ಬೆಳೆಸಿಕೊಂಡ ಪ್ರಾಣಿಯನ್ನು ಕಾಣುವುದೇನೂ ಸಾಧನೆಯಲ್ಲ. ಇಪ್ಪತ್ತರಲ್ಲಿ ಹೋಗುವವನಿಗೆ ಪೊದೆ ಕಾಣುತ್ತದೆ, ಪೊದೆಯ ಆಚೆಯದೂ ಕಾಣುತ್ತದೆ. ಹುಡುಕಬೇಕಾದದ್ದು ಇಡೀ ಪ್ರಾಣಿಯನ್ನಲ್ಲ, ಅದರ ಚೂರನ್ನು. ಮರಗಳ ನೆಟ್ಟ ಗೆರೆಗಳ ನಡುವೆ ಅಡ್ಡಗೆರೆಯೊಂದು ಕಂಡರೆ ಅದು ಬೆನ್ನಿರಬಹುದು. ಗಾಳಿ ಇಲ್ಲದ ಹೊತ್ತಿನಲ್ಲಿ ಎಲೆಯೊಂದು ಮಾತ್ರ ಅಲ್ಲಾಡಿದರೆ ಅದು ಕಿವಿ ಇರಬಹುದು. ಹತ್ತಾರು ಇಂಪಾಲ ಹುಲ್ಲೆಗಳು ಮೇವು ಬಿಟ್ಟು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ ನೋಡಬೇಕಾದದ್ದು ಇಂಪಾಲಗಳನ್ನಲ್ಲ, ಅವು ನೋಡುತ್ತಿರುವುದನ್ನು. ಕಬಿನಿಯ ಗೈಡುಗಳು ಜಿಂಕೆಯ ಅಲಾರ್ಮ್ ಕಾಲ್ ಕೇಳಿ ಜೀಪು ನಿಲ್ಲಿಸುವ ವಿದ್ಯೆಯೂ ಇದೇ. ಇಲ್ಲಿ ಗೈಡ್ ಇಲ್ಲ, ಎಂಜಿನ್ ಆರಿಸಿ ತಾನೇ ಕಿವಿಗೊಡಬೇಕು. ಕಾರಿನೊಳಗೆ ಹಾಡು ಹಾಕಿಕೊಂಡವರಿಗೆ ಕಾಡು ಏನನ್ನೂ ಹೇಳುವುದಿಲ್ಲ.

ರಸ್ತೆಯಡಿಯ ಮೋರಿಗಳನ್ನು ಯಾರೂ ನೋಡುವುದಿಲ್ಲ ಎಂಬುದು ಚೀಲದ ಇನ್ನೊಂದು ದೂರು. ಕತ್ತೆಕಿರುಬಗಳು ಆ ಮೋರಿಗಳಲ್ಲಿ ಮರಿ ಹಾಕುತ್ತವೆ. ಮುಂಜಾನೆ ಹೋಗಿ ನಿಂತರೆ ಕಪ್ಪು ಮೂತಿಯ ಮರಿಗಳು ಹೊರಬಂದು ಕಾರಿನ ಟಯರು ಮೂಸುತ್ತವೆ. ಸಿಂಹ ಹುಡುಕಿಕೊಂಡು ಹೊರಟವರು ಅದೇ ಮೋರಿಯ ಮೇಲೆ ದಿನಕ್ಕೆ ನಾಲ್ಕು ಬಾರಿ ಹಾದುಹೋಗುತ್ತಾರೆ.

‘ಬಿಗ್ ಫೈವ್’ ಕುರಿತ ಪ್ರಶ್ನೆಗೆ ಉತ್ತರ ದೀರ್ಘವಾಗಿತ್ತು. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ ಈ ಐದನ್ನು ಒಟ್ಟಿಗೆ ಸೇರಿಸಿದವರು ಬೇಟೆಗಾರರು. ನಡೆದುಹೋಗಿ ಹೊಡೆಯುವುದಕ್ಕೆ ಅತ್ಯಂತ ಅಪಾಯಕಾರಿ ಎಂಬುದು ಆಯ್ಕೆಯ ಆಧಾರ. ಬಂದೂಕು ಹೋಗಿ ಕ್ಯಾಮೆರಾ ಬಂತು, ಪಟ್ಟಿ ಮಾತ್ರ ಉಳಿಯಿತು. ಕ್ಯಾಂಪುಗಳಲ್ಲಿ ಅಂದಿನ ಸೈಟಿಂಗ್ ಗುರುತಿಸುವ ನಕ್ಷೆಯ ಹಲಗೆ ಇರುತ್ತದೆ, ಪ್ರಾಣಿಗೊಂದು ಬಣ್ಣದ ಬಿಲ್ಲೆ. ನಿನ್ನೆ ಸಂಜೆ ಸಿಂಹ ಇದ್ದ ಜಾಗಕ್ಕೆ ಇವತ್ತು ಬೆಳಿಗ್ಗೆ ಸಾಲುಸಾಲಾಗಿ ಕಾರು ಹೊರಡುತ್ತವೆ, ಸಿಂಹಕ್ಕೆ ಅದೇ ವಿಳಾಸದಲ್ಲಿ ಕಾದಿರಬೇಕೆಂದು ನೋಟಿಸ್ ಹೋದ ಹಾಗೆ. ಐದನ್ನೂ ನೋಡಲೇಬೇಕೆಂಬ ಹಟವಿದ್ದವರಿಗೆ ಚೀಲ ಅಗ್ಗದ ದಾರಿಯೊಂದನ್ನು ಸೂಚಿಸುತ್ತದೆ. ದಕ್ಷಿಣ ಆಫ್ರಿಕದ 10 ರ‍್ಯಾಂಡ್ ನೋಟಿನ ಮೇಲೆ ಖಡ್ಗಮೃಗ, 20ರ ಮೇಲೆ ಆನೆ, 50ರ ಮೇಲೆ ಸಿಂಹ, 100ರ ಮೇಲೆ ಕಾಡೆಮ್ಮೆ, 200ರ ಮೇಲೆ ಚಿರತೆ ಇದೆ. ಒಟ್ಟು 380 ರ‍್ಯಾಂಡ್ ಪರ್ಸಿನಲ್ಲಿದ್ದರೆ ಐದೂ ಸಿಕ್ಕಂತೆ, ಬೆಳಕೂ ಚೆನ್ನಾಗಿರುತ್ತದೆ, ಯಾವುದೂ ಓಡಿಹೋಗುವುದಿಲ್ಲ. ಆದರೆ ನೋಟಿನ ಖಡ್ಗಮೃಗಕ್ಕಿರುವ ಕ್ಷೇಮ ಕಾಡಿನದಕ್ಕಿಲ್ಲ. ಕೊಂಬಿನ ಕಳ್ಳಬೇಟೆಯಿಂದಾಗಿ ಖಡ್ಗಮೃಗ ಕಂಡ ಜಾಗವನ್ನು ಹೊರಗೆ ಹೇಳಬಾರದು, ಫೋನಿನ ಸ್ಥಳ ಗುರುತನ್ನು ಆರಿಸಿಯೇ ಚಿತ್ರ ತೆಗೆಯಬೇಕು. ಜಂಬ ಕೊಚ್ಚಿಕೊಳ್ಳಲಾಗದ ಸೈಟಿಂಗ್ ಅದೊಂದೇ. ಹಾಗಾಗಿ ಅದನ್ನು ಕಂಡವರು ಹೆಚ್ಚು ಸಂಕಟಪಡುತ್ತಾರೆ.

ಚಿರತೆಯ ಮಾತು ಬಂದಾಗ ಚೀಲ ಒಂದು ಪ್ರಸಂಗವನ್ನು ದಾಖಲಿಸಬಯಸಿತು. ಸ್ಥಳ, ಸಾಬಿ ನದಿಯ ಗುಂಟ ಸ್ಕುಕುಜಾದಿಂದ ಲೋವರ್ ಸಾಬಿಗೆ ಹೋಗುವ ಎಚ್4-1 ರಸ್ತೆ. ಚಾಲಕನ ಸೀಟಿನಲ್ಲಿ ಅಳಿಯ, ಪಕ್ಕದಲ್ಲಿ ಮಗಳು, ಹಿಂದೆ ಅತ್ತೆ. ಅಳಿಯನ ಬಳಿ ಮಾರುದ್ದದ ಲೆನ್ಸ್, ಮಗಳ ಬಳಿ ಬೈನಾಕ್ಯುಲರ್, ಅತ್ತೆಯ ಬಳಿ ಕೋಡುಬಳೆಯ ಡಬ್ಬಿ. “ಅಲ್ನೋಡಿ, ಆ ಮರದ ಕೊಂಬೆ ಮೇಲೆ ಯಾರೋ ಟವಲ್ ಒಣಗಿಹಾಕಿದಾರೆ,” ಎಂದರು ಅತ್ತೆ. “ಇಲ್ಲಿ ಯಾರೂ ಕಾರಿಂದ ಇಳಿಯೋ ಹಾಗಿಲ್ಲ ಅತ್ತೆ, ಟವಲ್ ಹೇಗೆ ಬರತ್ತೆ?” ಎಂದು ಅಳಿಯ ನಿಯಮ ವಿವರಿಸತೊಡಗಿದ. ಟವಲಿನ ತುದಿ ಮೆಲ್ಲಗೆ ಮೇಲಕ್ಕೆ ಸುರುಳಿಯಾಯಿತು. ಅಷ್ಟು ಹೊತ್ತಿಗೆ ಕ್ಯಾಮೆರಾ ಚೀಲದ ಮೇಲೆ ಬಂತು, ಆಟೋಫೋಕಸ್ಸು ಮುಂದಿದ್ದ ಒಣಕಡ್ಡಿಯೊಂದನ್ನು ಪ್ರೀತಿಯಿಂದ ಹಿಡಿದುಕೊಂಡಿತು. ಅಳಿಯ ಇಪ್ಪತ್ತು ಫ್ರೇಮು ಹೊಡೆದು, ಬಂದಿದೆಯೇ ಎಂದು ತಲೆ ಬಗ್ಗಿಸಿ ಹಿಂದಿನ ಪರದೆ ನೋಡಿದ. ಅವನು ನೋಡುತ್ತಿದ್ದಷ್ಟೂ ಹೊತ್ತು ಚಿರತೆ ಕೊಂಬೆಯಿಂದಿಳಿದು, ಕಾರಿನ ಮುಂದೆಯೇ ರಸ್ತೆ ದಾಟಿ, ಹುಲ್ಲಿಗೆ ಹೋಯಿತು. ಕಣ್ತುಂಬ ನೋಡಿದ್ದು ಅತ್ತೆಯೊಬ್ಬರೇ. ಇಪ್ಪತ್ತು ಚಿತ್ರಗಳಲ್ಲೂ ಕಡ್ಡಿ ಸ್ಫುಟವಾಗಿ ಬಂದಿತ್ತು, ತೊಗಟೆಯ ಬಿರುಕು ಸಹಿತ.

ತಾಂತ್ರಿಕ ಪ್ರಶ್ನೆಗಳಿಗೆ ಚೀಲ ಕೊಟ್ಟ ಉತ್ತರಗಳು ಚುಟುಕಾಗಿದ್ದವು. ಎಂಜಿನ್ ಓಡುತ್ತಿದ್ದರೆ ಅದರ ನಡುಕ ಬಾಗಿಲಿಗೆ, ಬಾಗಿಲಿಂದ ಅಕ್ಕಿಗೆ, ಅಕ್ಕಿಯಿಂದ ಲೆನ್ಸಿಗೆ ಬರುತ್ತದೆ. ಆದ್ದರಿಂದ ಕೀಲಿ ತಿರುಗಿಸಿ ಎಂಜಿನ್ ಆರಿಸುವುದೇ ಮೊದಲ ಕೆಲಸ. ನಿಂತ ಪ್ರಾಣಿಗೆ ಸೆಕೆಂಡಿನ ಐನೂರರಲ್ಲೊಂದು ಭಾಗದ ಶಟರ್ ವೇಗ ಸಾಲಬಹುದು, ಓಡುವುದಕ್ಕೆ ಸಾವಿರದಲ್ಲೊಂದು ಭಾಗದ್ದಾದರೂ ಬೇಕು, ಹಾರುವ ಹಕ್ಕಿಗೆ ಇನ್ನೂ ಹೆಚ್ಚು. ಫೋಕಸ್ ಕಣ್ಣಿನ ಮೇಲೆ. ಕಾಡೆಮ್ಮೆಯಂಥ ಕಪ್ಪು ಮೈ ಫ್ರೇಮು ತುಂಬಿದರೆ ಕ್ಯಾಮೆರಾ ಅದನ್ನು ಬೂದು ಮಾಡಲು ನೋಡುತ್ತದೆ, ಎಕ್ಸ್‌ಪೋಶರ್ ತುಸು ಇಳಿಸಬೇಕು. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ದೂರದ ಸಿಂಹ ನೀರಿನಡಿ ಇದ್ದಂತೆ ಕದಡಿ ಕಾಣುತ್ತದೆ; ಎಂಥ ದುಬಾರಿ ಲೆನ್ಸಿಗೂ ಅದಕ್ಕೆ ಮದ್ದಿಲ್ಲ, ಹತ್ತಿರದ ಹಕ್ಕಿಯ ಚಿತ್ರ ತೆಗೆಯುವುದು ಲೇಸು. ಟ್ರೈಪಾಡ್ ಬಗ್ಗೆ ಕೇಳಿದಾಗ ಚೀಲ ನಕ್ಕಿತು. ಕಾರಿನೊಳಗೆ ಮೂರು ಕಾಲು ಚಾಚಲು ಜಾಗವೆಲ್ಲಿ? ಪ್ರಾಣಿ ಎಡಗಡೆ ಬಂದರೆ ಏನು ಗತಿ ಎಂಬ ಪ್ರಶ್ನೆಗೆ, ಆಗ ಹೆಂಡತಿಯ ಹೆಗಲೇ ಬೀನ್ ಬ್ಯಾಗ್ ಆಗುತ್ತದೆ, ಆ ಬಗ್ಗೆ ಅವರನ್ನೇ ಸಂದರ್ಶಿಸುವುದು ಒಳ್ಳೆಯದು ಎಂದಿತು.

ನಿಯಮಗಳನ್ನು ಚೀಲ ತನ್ನ ಆಸ್ತಿಯಂತೆ ಒಪ್ಪಿಸುತ್ತದೆ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿಂದ ಇಳಿಯಬಾರದು. ಕಿಟಕಿಯಿಂದಾಗಲಿ ಸನ್‌ರೂಫಿನಿಂದಾಗಲಿ ಮೈಯ ಯಾವ ಭಾಗವನ್ನೂ ಹೊರಚಾಚಬಾರದು. ಡ್ರೋನ್ ಹಾರಿಸಬಾರದು. ಆಹಾರ ಹಾಕಬಾರದು, ಬಬೂನು ಎಷ್ಟೇ ದೀನವಾಗಿ ನೋಡಿದರೂ. ಕಪೋಲದಲ್ಲಿ ಮದ ಇಳಿಯುತ್ತಿರುವ ಗಂಡಾನೆ ಎದುರಾದರೆ ಚಿತ್ರದ ಆಸೆ ಬಿಟ್ಟು ರಿವರ್ಸ್ ಹೋಗಬೇಕು. ಕ್ಯಾಂಪಿನ ಗೇಟು ನವೆಂಬರ್‌ನಿಂದ ಜನವರಿಯವರೆಗೆ ಬೆಳಿಗ್ಗೆ 4.30ಕ್ಕೆ ತೆರೆದು ಸಂಜೆ 6.30ಕ್ಕೆ ಮುಚ್ಚುತ್ತದೆ, ಚಳಿಗಾಲದ ಜೂನ್, ಜುಲೈನಲ್ಲಿ 6ಕ್ಕೆ ತೆರೆದು 5.30ಕ್ಕೆ ಮುಚ್ಚುತ್ತದೆ. ಚಳಿಗಾಲ ಒಣಗಾಲವೂ ಹೌದು, ಹುಲ್ಲು ಒಣಗಿ ನೋಟ ದೂರ ಹೋಗುತ್ತದೆ, ಪ್ರಾಣಿಗಳು ನೀರಿಗೆ ಬರುತ್ತವೆ. ಗೇಟು ಮುಚ್ಚಿದ ಮೇಲೆ ಬಂದವರಿಗೆ ದಂಡ. ಚೀಲದ ಅನುಭವದಲ್ಲಿ ಅತ್ಯುತ್ತಮ ಸೈಟಿಂಗ್‌ಗಳೆಲ್ಲ ಗೇಟು ಮುಚ್ಚಲು ಹನ್ನೆರಡು ನಿಮಿಷ, ಕ್ಯಾಂಪಿಗೆ ಹದಿನಾಲ್ಕು ಕಿಲೋಮೀಟರ್ ಇರುವಾಗಲೇ ಆಗುತ್ತವೆ.

ಕಾಯುವುದರ ಬಗ್ಗೆ ಮಾತ್ರ ಅದು ಉತ್ಸಾಹದಿಂದ ಮಾತಾಡಿತು. ಲೋವರ್ ಸಾಬಿಯ ಬಳಿ ಸನ್‌ಸೆಟ್ ಡ್ಯಾಮ್ ಎಂಬ ಸಣ್ಣ ಕೆರೆ ಇದೆ. ರಸ್ತೆ ನೀರಿನಂಚಿಗೇ ಬರುತ್ತದೆ. ಮೊಸಳೆ ದಡದಲ್ಲಿ, ನೀರಾನೆ ನಡುವೆ, ಒಣಮರದ ಮೇಲೆ ಕೊಕ್ಕರೆಗಳು. ಬರುವ ಕಾರುಗಳಲ್ಲಿ ಹೆಚ್ಚಿನವು ಐದು ನಿಮಿಷ ನಿಂತು, “ಏನಿಲ್ಲ ಇಲ್ಲಿ,” ಎಂದು ಹೊರಡುತ್ತವೆ. 2004ರಲ್ಲಿ ಇದೇ ಉದ್ಯಾನದ ಟ್ರಾನ್ಸ್‌ಪೋರ್ಟ್ ಡ್ಯಾಮ್ ಎಂಬ ಇನ್ನೊಂದು ಕೆರೆಯ ದಡದಲ್ಲಿ ಕಾಡೆಮ್ಮೆ ಕರುವೊಂದನ್ನು ಸಿಂಹಗಳು ಹಿಡಿದವು, ನೀರಿನಿಂದ ಮೊಸಳೆ ಪಾಲು ಕೇಳಿತು, ಕೊನೆಗೆ ಕಾಡೆಮ್ಮೆಗಳ ಹಿಂಡು ಮರಳಿ ಬಂದು ಸಿಂಹಗಳನ್ನು ಅಟ್ಟಿ ಕರುವನ್ನು ಜೀವಂತ ಬಿಡಿಸಿಕೊಂಡಿತು. ಪ್ರವಾಸಿಯೊಬ್ಬರು ಸಾಮಾನ್ಯ ವಿಡಿಯೊ ಕ್ಯಾಮೆರಾದಲ್ಲಿ ಹಿಡಿದ ಆ ದೃಶ್ಯ 2007ರಲ್ಲಿ ಯೂಟ್ಯೂಬ್ ಸೇರಿ ಲೋಕಪ್ರಸಿದ್ಧವಾಯಿತು. ಆ ಹೊತ್ತಿಗಿಂತ ಐದು ನಿಮಿಷ ಮೊದಲು “ಏನಿಲ್ಲ” ಎಂದು ಹೊರಟ ಕಾರು ಇದ್ದಿರಬಹುದೇ ಎಂದು ಯೋಚಿಸುವುದು ಚೀಲದ ಮಧ್ಯಾಹ್ನದ ಮನರಂಜನೆ.

ಚಿತ್ರದಲ್ಲಿ ಮನುಷ್ಯ ಬರಬಾರದೆಂದು ಎಲ್ಲರೂ ಹಂಬಲಿಸುವುದೇಕೆ ಎಂದೂ ಕೇಳಲಾಯಿತು. ಚೀಲ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದಿಷ್ಟು. 1902ರಲ್ಲಿ ಇಲ್ಲಿನ ಸಾಬಿ ರಕ್ಷಿತಾರಣ್ಯಕ್ಕೆ ವಾರ್ಡನ್ ಆಗಿ ಬಂದವರು ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್. ಸ್ಥಳೀಯರು ಅವರಿಗಿಟ್ಟ ಅಡ್ಡಹೆಸರೇ ಸ್ಕುಕುಜಾ. ಗುಡಿಸಿ ಹಾಕುವವನು ಎಂಬುದು ಅದಕ್ಕೆ ಹೇಳುವ ಒಂದು ಅರ್ಥ. ಅರಣ್ಯದೊಳಗಿದ್ದ ಜನರನ್ನು ಅವರು ಹೊರಕಳಿಸಿದ್ದರು. ಉತ್ತರದ ಪಫೂರಿ ಭಾಗದಿಂದ ಮಕುಲೆಕೆ ಜನರನ್ನು 1969ರಲ್ಲಿ ಎಬ್ಬಿಸಿದರು. ಭೂಮಿಯ ಹಕ್ಕು ಅವರಿಗೆ ಮರಳಿದ್ದು 1998ರಲ್ಲಿ. “ಖಾಲಿ ಫ್ರೇಮು ತಾನಾಗಿ ಖಾಲಿ ಇರುವುದಿಲ್ಲ,” ಎಂದು ಚೀಲ ಮಾತು ಬದಲಿಸಿತು.

ಮುಂದಿನ ಯೋಜನೆಗಳೇನು ಎಂಬುದು ಕೊನೆಯ ಪ್ರಶ್ನೆಯಾಗಿತ್ತು. ಅದನ್ನು ಕೇಳುವ ಹೊತ್ತಿಗೆ ಪ್ರವಾಸದ ಕೊನೆಯ ಸಂಜೆ, ಕ್ಯಾಂಪಿನ ಕಾಟೇಜಿನ ಜಗಲಿ. ವಿಮಾನದ ತೂಕದ ಲೆಕ್ಕ ಶುರುವಾಗಿತ್ತು. ಅಕ್ಕಿಯನ್ನು ಮರದಡಿ ಸುರಿಯೋಣವೆಂದರೆ ಹಕ್ಕಿ, ಕೋತಿಗಳಿಗೆ ಆಹಾರ ಹಾಕಿದ ಅಪರಾಧವಾಗುತ್ತದೆ. ಅತ್ತೆ ಚೀಲವನ್ನು ಮಡಿಲಿಗೆಳೆದುಕೊಂಡು ಜಿಪ್ ಬಿಚ್ಚಿದರು, ಒಂದು ಹಿಡಿ ಅಕ್ಕಿ ಮೂಸಿ ನೋಡಿ ಪಾತ್ರೆಗೆ ಸುರಿದರು. ಚೀಲ ಯೋಜನೆಗಳ ಬಗ್ಗೆ ಏನನ್ನೋ ಹೇಳಲು ಹೊರಟಿತ್ತು. ವಾಕ್ಯದ ನಡುವೆ ಅದು ಮತ್ತೆ ಪ್ಯಾಂಟಿನ ಕಾಲಾಯಿತು. ಒಳಗಿನ ಹಾಟ್‌ಪ್ಲೇಟಿನ ಮೇಲೆ ಸಾಸಿವೆ ಸಿಡಿಯಿತು. ಚಿತ್ರಾನ್ನಕ್ಕೆ ನಿಂಬೆಹಣ್ಣು ಇದೆಯೇ ಎಂದು ಅತ್ತೆ ಕೇಳುತ್ತಿದ್ದಾಗ ಅಳಿಯ ಇನ್ನೂ ಪರದೆಯಲ್ಲಿ ಕಡ್ಡಿಯ ಚಿತ್ರವನ್ನು ದೊಡ್ಡದು ಮಾಡಿ, ಅದರ ಹಿಂದಿನ ಹಳದಿ ಮಸುಕು ಬಾಲವೋ ಎಲೆಯೋ ಎಂದು ನೋಡುತ್ತಿದ್ದ.