ನಮ್ಮ ಕೈಗೆಟುಕಿದ ರಷ್ಯಾ

ಆರ್.ಟಿ. ನಗರದ ನಮ್ಮ ಎದುರುಮನೆಯವರು ರಷ್ಯಾದ ತರೂಸಾಗೆ ಹೋಗಿಬಂದರು. ಓಕಾ ನದಿ, ಬರ್ಚ್ ಕಾಡು, ಸಾಹಿತಿ ಪೌಸ್ತೋವ್‌ಸ್ಕಿ ಬಾಳಿದ ಊರು, ಅಬ್ಬಾ ಏನು ಮೌನ ಅಂತೀರಿ, ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ನಮ್ಮಾಕೆ ನನ್ನತ್ತ ನೋಡಿದಳು. ಯಶವಂತಪುರದಲ್ಲಿ ರೈಲು ಹತ್ತಿದರೆ ನನ್ನ ಜೇಬಿನ ರಷ್ಯಾ ಸಕಲೇಶಪುರಕ್ಕೇ ಮುಗಿಯುತ್ತದೆ. ಅಲ್ಲೂ ಹೇಮಾವತಿ ಇದ್ದಾಳೆ, ಕಾಡಿದೆ. ಸುಬ್ರಹ್ಮಣ್ಯ ರೋಡ್ ಕಡೆಗಿಳಿದರೆ 57 ಸುರಂಗಗಳೂ ಇವೆ. ತರೂಸಾ ಊರೊಳಕ್ಕೆ ರೈಲೇ ಬರುವುದಿಲ್ಲ, ಪಾಪ!

ಸರಿ, ಸಕಲೇಶಪುರಕ್ಕೇ ಹೋಗಿ ಕಾಫಿ ತೋಟದ ಹೋಂಸ್ಟೇ ಸೇರಿದೆವು. ರಾತ್ರಿಯಾಯಿತು. ಹೆಬ್ಬಾಳ ಫ್ಲೈಓವರಿನ ಹಾರ್ನಿಗೆ ಒಗ್ಗಿದ ಕಿವಿಯನ್ನು ಆ ನಿಶ್ಶಬ್ದ ಕಚ್ಚತೊಡಗಿತು. ಜೀರುಂಡೆ ಕಿರುಚಿದಾಗಲೆಲ್ಲ ಸೈಡ್ ಕೊಡಲು ಮಗ್ಗುಲಾದೆ. ಕೊನೆಗೆ ಮೊಬೈಲಿನಲ್ಲಿ ಟ್ರಾಫಿಕ್ ಸದ್ದು ಹಾಕಿಕೊಂಡು ಹಾಯಾಗಿ ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಹೋಂಸ್ಟೇ ಯಜಮಾನರು ಟಾರ್ಚ್ ಹಿಡಿದು ಓಡಿ ಬಂದರು: "ಕಾಫಿ ತೋಟಕ್ಕೆ ಲಾರಿ ನುಗ್ಗಿಸಿದ್ದು ಯಾರ್ರೀ?"